ಊಟದ ಹೊತ್ತಿನ ಅಧ್ಯಾಯ: ದೊಡ್ಡ ಫ್ಯಾಂಟಸಿ ಕಾದಂಬರಿಯಲ್ಲಿ ನಿಧಾನವನ್ನು ಬರೆಯುವುದು ಹೇಗೆ

ಚಿತ್ರದುರ್ಗದ ಒನಕೆ ಓಬವ್ವನ ಕಥೆಯಿಂದ ಊಟವನ್ನು ತೆಗೆದು ನೋಡಿ. ಕಾವಲಿನ ಗಂಡ ಉಣ್ಣಲು ಮನೆಗೆ ಬಂದ, ಅವಳು ನೀರಿಗೆ ಹೋದಳು, ಕಿಂಡಿಯಲ್ಲಿ ಸದ್ದಾಯಿತು. ಉಣ್ಣುತ್ತಿರುವವನನ್ನು ಎಬ್ಬಿಸಬಾರದು ಅಂದುಕೊಂಡಳಲ್ಲ, ಅವಳು ಎಂಥವಳು ಅನ್ನುವುದು ಅಲ್ಲೇ ತಿಳಿಯುತ್ತದೆ. ಅದು ಹೋದರೆ ಉಳಿಯುವುದು ಒಂದು ಒನಕೆ, ಒಂದಿಷ್ಟು ಹೆಣ. ಹಾಗಾಗಿ ಕಾಳಗ ಬಿಟ್ಟು ದಿನದ ಬದುಕು ತೋರಿಸುವ ನಿಧಾನದ ಅಧ್ಯಾಯ ಖಂಡಿತ ಬೇಕು. ಆದರೆ ಅದರೊಳಗೆ ಮುಂದೆ ಕೈಗೆ ಬರುವ ಒನಕೆಯೊಂದು ಇರಲೇಬೇಕು.

ಬರೆಯುವ ಮೊದಲು ಮೂರು ವಾಕ್ಯ ಗುರುತು ಹಾಕಿಕೊಳ್ಳಿ: ಈ ವ್ಯಕ್ತಿ ಯಾವ ಕೆಲಸ ಮಾಡುತ್ತಿದ್ದಾನೆ, ಯಾವುದನ್ನು ಬಾಯಿಬಿಟ್ಟು ಹೇಳುತ್ತಿಲ್ಲ, ಇಲ್ಲಿರುವ ಯಾವ ವಸ್ತು ಎಷ್ಟನೇ ಅಧ್ಯಾಯದಲ್ಲಿ ಮರಳಿ ಬರುತ್ತದೆ. ಮೂರನೆಯದು ಹೊಳೆಯದಿದ್ದರೆ ಶುರು ಮಾಡಬೇಡಿ.

ಕೆಲಸವೇ ಮುಖ್ಯ. ನಿಮ್ಮ ಕಲ್ಪನೆಯ ಕೋಟೆ ದುರ್ಗದಂತೆ ಬೆಟ್ಟದ ಮೇಲಿದೆ ಅನ್ನಿ. ದುರ್ಗದಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಂಥದೇ ಒಂದು ಕಾಲುವೆಯ ಹೂಳು ತೆಗೆಯುವ ಮುದುಕ, ಅವನ ಜೊತೆ ಮೊಮ್ಮಗಳು. ಮಗ ಸೈನ್ಯಕ್ಕೆ ಹೋಗಿದ್ದಾನೆ, ಆ ಮಾತು ಇಬ್ಬರೂ ಎತ್ತುವುದಿಲ್ಲ. ಹುಡುಗಿ ಕಲ್ಲು ಎತ್ತಿ ಕೇಳುತ್ತಾಳೆ, 'ತಾತ, ಇದನ್ನ ಇಲ್ಲೇ ಬಿಟ್ರೆ ಏನಾಗ್ತದೆ?' ತಾತ, 'ಕೆಳಗಿನೋರು ಒಣಗಿ ಸಾಯ್ತಾರೆ' ಅನ್ನುತ್ತಾನೆ. ಹತ್ತು ಅಧ್ಯಾಯ ಕಳೆದು ಶತ್ರು ಅದೇ ಕಾಲುವೆಯ ಬಾಯಿಗೆ ಬಂಡೆ ಉರುಳಿಸಿದಾಗ ನೀವು ಒಂದು ಸಾಲೂ ವಿವರಿಸಬೇಕಿಲ್ಲ, ಓದುಗರ ಎದೆ ತಾನೇ ಧಸಕ್ಕೆನ್ನುತ್ತದೆ.

ಅಳತೆ ಇಟ್ಟುಕೊಳ್ಳಿ. 1,500ರಿಂದ 2,000 ಪದ, ಒಂದೇ ಮಧ್ಯಾಹ್ನ, ಹೆಚ್ಚೆಂದರೆ ಮೂರು ಜನ. ದೊಡ್ಡ ಕಾಳಗ ಮುಗಿದ ಕೂಡಲೇ ಇಂಥದು ಚೆನ್ನಾಗಿ ಕೂರುತ್ತದೆ, ಓದುಗರೂ ಉಸಿರು ಬಿಡಬೇಕು. ಬಾಗಿಲು ಮುರಿಯುತ್ತಿರುವಾಗ ನಡುವೆ ತಂದು ತುರುಕಿದರೆ ಅವರು ಪುಟ ಹಾರಿಸುತ್ತಾರೆ. ಸಾಲಾಗಿ ಎರಡು ಬೇಡ.

ಕೆಡುವುದು ಹೆಚ್ಚಾಗಿ ನೆನಪಿನಿಂದ. ಪಾತ್ರ ಕಿಟಕಿ ಬಳಿ ಕೂತು ಬಾಲ್ಯ ನೆನೆಯುತ್ತದೆ, ಆರು ಪುಟ ಹೋಗುತ್ತದೆ, ಎದ್ದಾಗ ಏನೂ ಬದಲಾಗಿರುವುದಿಲ್ಲ. ಆ ಕೈಗೆ ಕೆಲಸ ಕೊಡಿ, ರೊಟ್ಟಿ ತಟ್ಟಲಿ, ಕತ್ತಿ ಮಸೆಯಲಿ. ನೆನಪು ನಡುವೆ ನಾಲ್ಕೈದು ವಾಕ್ಯ ಬಂದು ಹೋಗಲಿ, ಆಗ ರೊಟ್ಟಿ ಸೀಯಲಿ. ಇನ್ನೊಂದು ತಪ್ಪು, ಪುರುಸೊತ್ತು ಸಿಕ್ಕಿತೆಂದು ರಾಜವಂಶಾವಳಿ, ಮಂತ್ರವಿದ್ಯೆಯ ನಿಯಮ ಎಲ್ಲ ಇಲ್ಲೇ ಸುರಿಯುವುದು.

ಮಾತಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಯುದ್ಧದಲ್ಲಿ ಎಲ್ಲರೂ ಕೂಗುವುದರಿಂದ ದನಿಯ ವ್ಯತ್ಯಾಸ ಮುಚ್ಚಿಹೋಗುತ್ತದೆ, ಇಲ್ಲಿ ಬಯಲಾಗುತ್ತದೆ. ಅಡುಗೆಯವಳೂ ಆಸ್ಥಾನ ಪಂಡಿತನೂ ಒಂದೇ ಗ್ರಂಥಸ್ಥ ಕನ್ನಡ ಆಡಿದರೆ ಇಬ್ಬರೂ ಸತ್ತಂತೆ. ದಾವಣಗೆರೆಯ ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ಅರ್ಧ ಗಂಟೆ ಕೂತು ಕೇಳಿ: ಹರಿಹರದ ಕಡೆಯವರು ಮಾತು ಎಳೆಯುವ ರೀತಿಯೇ ಬೇರೆ, ಚಳ್ಳಕೆರೆ ಕಡೆಯವರದೇ ಬೇರೆ.

ಕರಡು ಮುಗಿದ ಮೇಲೆ ಆ ಅಧ್ಯಾಯ ತೆಗೆದು, ಕಾದಂಬರಿಯನ್ನು ಹೊಸಬರೊಬ್ಬರಿಗೆ ಕೊಡಿ. ಯಾರ ಸಾವಿಗೆ ಬೇಸರವಾಯಿತು ಎಂದು ಮಾತ್ರ ಕೇಳಿ. ಮುದುಕನ ಹೆಸರು ಆಗಲೂ ಬಂದರೆ ಅಧ್ಯಾಯ ಬೇಕಿರಲಿಲ್ಲ, ಅದರ ಒಳ್ಳೆಯ ಒಂದು ಪುಟವನ್ನು ಪಕ್ಕದ ಅಧ್ಯಾಯಕ್ಕೆ ಸೇರಿಸಿ. ಬರದಿದ್ದರೆ ಇದ್ದಲ್ಲೇ ಮರಳಿ ಇಡಿ.