‘ಅಂತೆ’ ಬಿಟ್ಟ ಮೇಲೆ

ಕನ್ನಡ ಮಾತ್ರ ಬರುವ ರೋಗಿ, ಕನ್ನಡ ಬಾರದ ಡಾಕ್ಟರ್. ಇಬ್ಬರ ನಡುವೆ ಕೂತು ಮಾತು ದಾಟಿಸುವುದು ನನ್ನ ಕೆಲಸ. ಶುರುವಿನಲ್ಲಿ ನನ್ನ ದೊಡ್ಡ ತಪ್ಪು ಒಂದು ಪುಟ್ಟ ಪದದಲ್ಲಿತ್ತು: ‘ಅಂತೆ’. ‘ನಿಮ್ಮ ಕಿಡ್ನಿ ಸರಿಯಾಗಿ ಕೆಲಸ ಮಾಡ್ತಿಲ್ವಂತೆ.’ ‘ಆಪರೇಷನ್ ಬೇಕಾಗಬಹುದಂತೆ.’ ಇದು ಬಾಯಿಗೆ ತಾನಾಗಿ ಬರುತ್ತದೆ, ಅಲ್ವಾ? ಆದರೆ ‘ಅಂತೆ’ ಅಂದ ಕೂಡಲೇ ಎದುರಿಗೇ ಕೂತ ಡಾಕ್ಟರ ಮಾತು ಎಲ್ಲೋ ಕೇಳಿದ ಸುದ್ದಿಯಾಗುತ್ತದೆ. ರೋಗಿ ಅವರನ್ನು ಬಿಟ್ಟು ನನ್ನ ಮುಖ ನೋಡುತ್ತಾರೆ. ‘ಹೌದಾ? ನಿಮಗೇನನ್ಸುತ್ತೆ?’ ಅಂತ ನನ್ನನ್ನೇ ಕೇಳುತ್ತಾರೆ.

ಈಗ ಡಾಕ್ಟರ್ ‘ನಾನು’ ಅಂದರೆ ನಾನೂ ‘ನಾನು’ ಅನ್ನುತ್ತೇನೆ. ರೋಗಿ ‘ನನಗೆ ನಿದ್ದೆ ಬರಲ್ಲ’ ಅಂದರೆ ‘ನನಗೆ’ ಎಂದೇ ದಾಟಿಸುತ್ತೇನೆ. ರೋಗಿಯ ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ ಕೂರುತ್ತೇನೆ. ಆಗ ಅವರಿಬ್ಬರ ಕಣ್ಣು ಕೂಡುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಆಡಿದ್ದೆಲ್ಲ ದಾಟಿಸುತ್ತೇನೆ, ಸೇರಿಸಲ್ಲ, ಬಿಡಲ್ಲ, ಹೊರಗೆ ಹೇಳಲ್ಲ.

ಇಷ್ಟಾದರೂ ಪದಗಳು ಕೈಕೊಡುತ್ತವೆ. ಒಮ್ಮೆ ಒಬ್ಬ ಅಜ್ಜಿ ‘ಎರಡು ದಿನದಿಂದ ಒಂಥರಾ ಸಂಕಟ’ ಅಂದರು. ವಾಂತಿ ಬಂದಂತಾಗುವುದು ಎಂದು ಹೇಳಲು ಬಾಯಿ ತೆರೆದಿದ್ದೆ. ತಡೆದೆ. ಹೊಟ್ಟೆ ತೊಳಸುವುದಕ್ಕೂ ಸಂಕಟ, ಎದೆ ಹಿಂಡಿದಂತಾಗುವುದಕ್ಕೂ ಸಂಕಟ, ಮನಸ್ಸಿನ ನೋವಿಗೂ ಸಂಕಟ. ‘ಇದು ನನ್ನ ಮಾತು. ಈ ಪದಕ್ಕೆ ಮೂರು ಅರ್ಥ ಇದೆ, ನೀವೇ ಕೇಳಿ ನೋಡಿ’ ಎಂದು ಡಾಕ್ಟರಿಗೆ ತಿಳಿಸಿದೆ. ಎಲ್ಲಿ ಅಂತ ಅವರು ಕೇಳಿದರು. ಅಜ್ಜಿ ಅಂಗೈಯನ್ನು ಎದೆಯ ಮೇಲಿಟ್ಟರು. ‘ಮೆಟ್ಟಿಲು ಹತ್ತಿದ್ರೆ ಜಾಸ್ತಿ’ ಅಂದರು. ಡಾಕ್ಟರ್ ಕೂಡಲೇ ಇಸಿಜಿ ಮಾಡಿಸಿದರು.

1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ನಡೆದ ಘಟನೆ ಆಗ ನೆನಪಾಯಿತು. ಪ್ರಜ್ಞೆ ತಪ್ಪಿದ 18 ವರ್ಷದ ಹುಡುಗನನ್ನು ಆಸ್ಪತ್ರೆಗೆ ತಂದರು. ಮನೆಯವರು ಸ್ಪ್ಯಾನಿಷ್‌ನಲ್ಲಿ ‘ಇನ್‌ತೊಕ್ಸಿಕಾದೊ’ ಅಂದರು. ತಿಂದದ್ದೋ ಕುಡಿದದ್ದೋ ಏನೋ ಆಗಿಬರಲಿಲ್ಲ ಎಂಬುದು ಅವರ ಅರ್ಥ. ಇಂಗ್ಲಿಷ್ ಕಿವಿಗೆ ಅದು ನಶೆ ಎಂದು ಕೇಳಿಸಿತು. ಮಾದಕ ವಸ್ತು ಅತಿಯಾಗಿ ತೆಗೆದುಕೊಂಡಿದ್ದಾನೆ ಎಂದು ಚಿಕಿತ್ಸೆ ನಡೆಯಿತು. ನಿಜಕ್ಕೂ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಅದು ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಅವನ ಕೈಕಾಲು ನಾಲ್ಕೂ ಸ್ವಾಧೀನ ಕಳೆದುಕೊಂಡವು. ಅಲ್ಲಿ ತರಬೇತಿ ಪಡೆದ ದುಭಾಷಿಯನ್ನು ಯಾರೂ ಕರೆದಿರಲಿಲ್ಲ.

‘ಮನೆಯವರು ಇದ್ದಾರಲ್ಲ, ಸಾಕು’ ಅನ್ನುವವರು ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ತಾಯಿಯ ಎದೆಯ ಗಡ್ಡೆಯ ವಿಷಯವನ್ನು ಹತ್ತು ವರ್ಷದ ಮಗಳ ಬಾಯಿಂದ ಹೇಳಿಸಬಾರದು. ದೊಡ್ಡವರಾದರೂ ಪ್ರೀತಿಯಿಂದಲೇ ಮಾತು ತಿದ್ದುತ್ತಾರೆ. ವಯಸ್ಸಾದವರಿಗೆ ಎಷ್ಟು ನೆರವು ಬೇಕೆಂದು ನೋಡಲು ಸಮಾಜ ಸೇವಾ ಸಿಬ್ಬಂದಿ ಒಂದು ಮನೆಗೆ ಬಂದಿದ್ದರು. ‘ಸ್ನಾನ ನೀವೇ ಮಾಡ್ತೀರಾ?’ ಎಂದು ತಾತನನ್ನು ಕೇಳಿದರೆ ಮಗ ‘ಎಲ್ಲಾ ನಾವೇ ನೋಡ್ಕೋತೀವಿ’ ಅಂದರು. ಅದನ್ನು ಮಗನ ಮಾತು ಎಂದೇ ದಾಟಿಸಿದೆ. ತಾತ ಇನ್ನೂ ಉತ್ತರ ಕೊಟ್ಟಿಲ್ಲ ಎಂದೂ ತಿಳಿಸಿದೆ. ಅವರೊಬ್ಬರ ಹತ್ತಿರವೇ ಮಾತಾಡಬೇಕೆಂದು ಸಿಬ್ಬಂದಿ ಕೇಳಿಕೊಂಡರು. ಮಗ ಎದ್ದು ಹೊರಗೆ ಹೋದರು. ತಾತ ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ ಮೆಲ್ಲಗೆ ‘ಬಚ್ಚಲಲ್ಲಿ ಜಾರಿ ಬೀಳ್ತೀನಿ ಅಂತ ಭಯ. ಸ್ನಾನ ಮಾಡಿ ಎಂಟು ದಿನ ಆಯ್ತು’ ಅಂದರು.

ಇನ್ನೊಂದು ವಿಷಯ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ‘ಹೂಂ’ ಅನ್ನುತ್ತಾರೆ. ಡಾಕ್ಟರ ಎದುರು ಇಲ್ಲ ಅನ್ನಲು ಸಂಕೋಚ. ಹಾಗಾಗಿ, ‘ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರಾ, ನನಗೆ ಹೇಳಿ’ ಎಂದು ಕೇಳುವಂತೆ ಡಾಕ್ಟರಿಗೆ ಮೊದಲೇ ಸೂಚಿಸಿರುತ್ತೇನೆ. ಹೋದ ವಾರ ಒಬ್ಬ ಅಮ್ಮ ತುಂಬಾ ಧೈರ್ಯವಾಗಿ ‘ಬೆಳಗ್ಗೆ ಎರಡು, ರಾತ್ರಿ ಒಂದು’ ಅಂದರು. ಡಾಕ್ಟರ್ ಹೇಳಿದ್ದು ಬೆಳಗ್ಗೆ ಒಂದು, ರಾತ್ರಿ ಎರಡು. ಮೂವರೂ ಮತ್ತೆ ಮೊದಲಿನಿಂದ ಶುರುಮಾಡಿದೆವು.