ಹಳೆ ಕಾರು ದಾನ: ಕೀಲಿ ಕೊಟ್ಟರೆ ಸಾಲದು, ಆರ್‌ಸಿ ಬದಲಾಗಬೇಕು

ಹತ್ತು ಹನ್ನೆರಡು ವರ್ಷ ಓಡಿದ ಕಾರನ್ನು ಸಿಕ್ಕಿದಷ್ಟು ಬೆಲೆಗೆ ಮಾರುವ ಬದಲು ವೃದ್ಧಾಶ್ರಮಕ್ಕೋ ವಿಶೇಷ ಮಕ್ಕಳ ಶಾಲೆಗೋ ಕೊಡೋಣ ಎನ್ನುವವರಿದ್ದಾರೆ. ಕೊಡುವ ಮನಸ್ಸಿಗೆ ಕೊರತೆಯಿಲ್ಲ, ಎಡವುವುದೆಲ್ಲ ಕಾಗದಪತ್ರದಲ್ಲಿ. ಕೀಲಿ ಕೊಟ್ಟು ಮನೆಗೆ ಬರುತ್ತಾರೆ, ಆರ್‌ಸಿ (ನೋಂದಣಿ ಪತ್ರ) ಮಾತ್ರ ವರ್ಷಗಟ್ಟಲೆ ಅವರ ಹೆಸರಿನಲ್ಲೇ ಉಳಿದಿರುತ್ತದೆ.

ಮೊದಲು ಸಂಸ್ಥೆಗೆ ಕಾರು ನಿಜವಾಗಿ ಬೇಕೇ ಎಂದು ನೇರವಾಗಿ ಕೇಳಿ. ಕಾರು ಪುಕ್ಕಟೆ ಬಂದರೂ ಅದನ್ನು ಸಾಕುವುದು ಪುಕ್ಕಟೆಯಲ್ಲ. 1000ರಿಂದ 1500 ಸಿಸಿ ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆಯೇ, 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ, ಜಿಎಸ್‌ಟಿ ಬಿಟ್ಟು ವರ್ಷಕ್ಕೆ 3,416 ರೂಪಾಯಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ: ಕೇಂದ್ರದ ಶುಲ್ಕವೇ 5,000 ರೂಪಾಯಿ, 20 ವರ್ಷ ದಾಟಿದ ಕಾರಿಗೆ 10,000. ಜೊತೆಗೆ ಹಸಿರು ತೆರಿಗೆ, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಓಡಾಟ. ಹದಿಮೂರು ವರ್ಷ ದಾಟಿದ ಕಾರನ್ನು ಸಂಸ್ಥೆಯ ತಲೆಗೆ ಕಟ್ಟಬೇಡಿ. ಮಾರಿ, ಬಂದ ಹಣವನ್ನು ಕೊಡಿ.

ತೆರಿಗೆ ವಿನಾಯಿತಿಯ ಆಸೆಯಿದ್ದರಂತೂ ಹಣ ಕೊಡುವುದೊಂದೇ ದಾರಿ. 80ಜಿ ಎಂದೇ ಹೆಸರಾದ ದಾನದ ತೆರಿಗೆ ವಿನಾಯಿತಿ ಸಿಗುವುದು ಹಣಕ್ಕೆ ಮಾತ್ರ, ವಸ್ತುವಿಗಲ್ಲ. ‘ಕಾರಿನ ಬೆಲೆಗೆ ರಸೀದಿ ಕೊಡುತ್ತೇವೆ’ ಎನ್ನುವ ಸಂಸ್ಥೆಯಿಂದ ದೂರ ಇರಿ, ಆ ರಸೀದಿ ರಿಟರ್ನ್ಸ್‌ನಲ್ಲಿ ನಿಲ್ಲುವುದಿಲ್ಲ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೂ ವಿನಾಯಿತಿ ಇಲ್ಲ, ಆದ್ದರಿಂದ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕವೇ ಕೊಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಲಾಭ ಇಲ್ಲವೇ ಇಲ್ಲ.

ಕಾರು ಗಟ್ಟಿಯಾಗಿದೆ, ಸಂಸ್ಥೆಗೂ ಬೇಕು ಎಂದಾದರೆ ಬಾಕಿಗಳನ್ನು ತೀರಿಸಿ. ಟ್ರಾಫಿಕ್ ದಂಡ ಕಟ್ಟಿ, ಎಮಿಷನ್ ಟೆಸ್ಟ್ ಮಾಡಿಸಿ, ವಿಮೆ ಚಾಲ್ತಿಯಲ್ಲಿರಲಿ. ಸಾಲ ತೀರಿ ಎಷ್ಟೋ ವರ್ಷವಾಗಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇರುವುದುಂಟು. ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ), ಸಾಲ ತೀರಿದ್ದನ್ನು ತಿಳಿಸುವ ಫಾರಂ 35ರ ಸಹಿ ಮಾಡಿದ ಎರಡು ಪ್ರತಿ ತಂದು ಅದನ್ನು ತೆಗೆಸಿ. ಪೇಂಟು, ಪಾಲಿಶ್‌ಗೆ ದುಡ್ಡು ಸುರಿಯಬೇಡಿ. ಬ್ರೇಕು, ಟೈರು, ಬ್ಯಾಟರಿ ಸರಿಮಾಡಿಸಿ.

ಇನ್ನು ಹೆಸರು ವರ್ಗಾವಣೆ. ಎಲ್ಲರೂ ಸಿಕ್ಕಿಬೀಳುವುದು ಇಲ್ಲೇ.

ಅರ್ಜಿ ಹಾಕುವ ಮುಂಚೆ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ನಿಮ್ಮ ಕಾರಿಗೆ ಯಾವ ಮೊಬೈಲ್ ನಂಬರ್ ಜೋಡಿಸಿದೆ ನೋಡಿ. ಒಟಿಪಿ ಬರುವುದು ಆ ನಂಬರಿಗೇ. ಹಳೆ ಕಾರುಗಳಲ್ಲಿ ಶೋರೂಮಿನವರದ್ದೋ ಎಂದೋ ಬಿಟ್ಟ ಸಿಮ್ಮಿನದ್ದೋ ಇರಬಹುದು, ಅದನ್ನು ಬದಲಿಸದೆ ಮುಂದಕ್ಕೆ ಹೋಗಲಾಗದು. ಆರ್‌ಸಿ ಮತ್ತು ಆಧಾರ್‌ನಲ್ಲಿ ಹೆಸರು, ಇನಿಷಿಯಲ್ ಬೇರೆಬೇರೆ ಇದ್ದರೂ ತಕರಾರು ಬರುತ್ತದೆ. ಕಾರು ತೀರಿಹೋದ ತಂದೆಯ ಹೆಸರಿನಲ್ಲಿದ್ದರೆ ನೇರವಾಗಿ ಸಂಸ್ಥೆಗೆ ಬರೆದುಕೊಡಲು ಬರುವುದಿಲ್ಲ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು.

ಫಾರಂ 29 ನೀವು ಕೊಡುವ ವರದಿ, ಫಾರಂ 30 ಇಬ್ಬರೂ ಸಹಿ ಹಾಕುವ ಅರ್ಜಿ. ಇವುಗಳ ಜೊತೆ ಮೂಲ ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟು, ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಇಟ್ಟುಕೊಳ್ಳಿ. ಸಂಸ್ಥೆಯ ಕಡೆಯಿಂದ ಟ್ರಸ್ಟ್ ಡೀಡ್ ಪ್ರತಿ, ಟ್ರಸ್ಟಿನ ಪ್ಯಾನ್, ವಿಳಾಸದ ದಾಖಲೆ, ಸಹಿ ಹಾಕುವವರಿಗೆ ಅಧಿಕಾರ ಕೊಟ್ಟ ನಿರ್ಣಯದ ಪ್ರತಿ ಬೇಕು. ಡೀಡಿನಲ್ಲಿ ಹೆಸರು ಹೇಗಿದೆಯೋ ಅಕ್ಷರ ಬಿಡದೆ ಹಾಗೆಯೇ ಬರೆಯಿರಿ. ‘ಸದ್ಯಕ್ಕೆ ಕಾರ್ಯದರ್ಶಿ ಹೆಸರಿಗೆ ಮಾಡಿಬಿಡಿ, ಸುಲಭ’ ಎಂದರೆ ಒಪ್ಪಬೇಡಿ. ಹಾಗೆ ಮಾಡಿದರೆ ಕಾರು ಆ ವ್ಯಕ್ತಿಯ ಸ್ವಂತದ್ದಾಗುತ್ತದೆ, ನಾಳೆ ಅವರು ಸಂಸ್ಥೆ ಬಿಟ್ಟರೆ ಕಾರೂ ಅವರ ಜೊತೆ ಹೋಗುತ್ತದೆ.

ಖಾಲಿ ಫಾರಂಗಳಿಗೆ ಸಹಿ ಹಾಕಿ ಏಜೆಂಟರ ಕೈಗೆ ಕೊಡುವುದು ಎಲ್ಲಕ್ಕಿಂತ ಕೆಟ್ಟ ಅಡ್ಡದಾರಿ. ಆ ಕಾಗದ ಹಿಡಿದು ಕಾರು ಮೂರು ಕೈ ಬದಲಾದರೂ ದಾಖಲೆಯಲ್ಲಿ ಮಾಲೀಕರು ನೀವೇ. 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪ್ರಕರಣದಲ್ಲಿ, ಕಾರು ಯಾರ ಕೈಯಲ್ಲಿದ್ದರೂ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸ್ಪಷ್ಟವಾಗಿ ಹೇಳಿದೆ. ‘ಇನ್ನು ಮುಂದೆ ಎಲ್ಲ ಜವಾಬ್ದಾರಿ ನಮ್ಮದು’ ಎಂದು ಛಾಪಾ ಕಾಗದದಲ್ಲಿ ನೋಟರಿ ಮಾಡಿಸಿಕೊಂಡರೂ ಗಾಯಗೊಂಡವರ ಮುಂದೆ ಅದು ನಿಮ್ಮನ್ನು ಕಾಯುವುದಿಲ್ಲ. ಕಾನೂನಿನ ಪ್ರಕಾರ ರಾಜ್ಯದೊಳಗಿನ ವರ್ಗಾವಣೆಯನ್ನು ಕೊಟ್ಟವರು 14 ದಿನದೊಳಗೆ, ಪಡೆದವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಅರ್ಜಿ ಸಂಖ್ಯೆ ಸಿಕ್ಕಿದ ದಿನವೇ ಕೀಲಿ ಕೊಡಿ, ಅದಕ್ಕೆ ಮುಂಚೆ ಬೇಡ. ಕೊಡುವಾಗ ದಿನಾಂಕ, ಗಂಟೆ, ಓಡಿದ ಕಿಲೋಮೀಟರ್ ನಮೂದಿಸಿ, ‘ಹಣ ಪಡೆಯದೆ ದಾನವಾಗಿ ಕೊಟ್ಟಿದೆ’ ಎಂಬ ಪತ್ರಕ್ಕೆ ಸಂಸ್ಥೆಯ ಮೊಹರು ಹಾಕಿಸಿಕೊಳ್ಳಿ. ಆ ಹೊತ್ತಿನ ನಂತರದ ದಂಡದ ಚೀಟಿ ಬಂದರೆ ತೋರಿಸಲು ಇದು ಬೇಕು. ಒಂದು ತಿಂಗಳಾದ ಮೇಲೆ ಎಂಪರಿವಾಹನ್ ಆ್ಯಪ್‌ನಲ್ಲಿ ಹೆಸರು ಬದಲಾಗಿದೆಯೇ ನೋಡಿ.

ವಿಮೆಯನ್ನೂ 14 ದಿನದೊಳಗೆ ಸಂಸ್ಥೆಯ ಹೆಸರಿಗೆ ಮಾಡಿಸಬೇಕು. ಇಲ್ಲದಿದ್ದರೆ ಕಾರಿಗೇ ಆದ ಹಾನಿಗೆ ಹಣ ಸಿಗುವುದಿಲ್ಲ. ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ಪ್ರೀಮಿಯಂ ರಿಯಾಯಿತಿ) ಮಾತ್ರ ಕಾರಿನದ್ದಲ್ಲ, ನಿಮ್ಮದು. ಕಂಪನಿಯಿಂದ ಅದರ ಪತ್ರ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿಗೆ ಬಳಸಬಹುದು. ಫಾಸ್ಟ್ಯಾಗ್ ಮುಚ್ಚಿಸಿ, ಸ್ಟಿಕ್ಕರ್ ಕಿತ್ತುಹಾಕಿ. ಸ್ಟೀರಿಯೊದಲ್ಲಿ ಉಳಿದ ಫೋನ್ ನಂಬರುಗಳನ್ನು ಅಳಿಸಿ.

ಸಂಸ್ಥೆಯವರು ವ್ಯಾನನ್ನು ಆಂಬುಲೆನ್ಸ್ ಮಾಡುತ್ತೇವೆ ಎಂದರೆ ಆರ್‌ಟಿಒ ಅನುಮತಿ ಬೇಕೆಂದು ತಿಳಿಸಿ. ವೈಟ್ ಬೋರ್ಡ್ ಕಾರಿನಲ್ಲಿ ಬಾಡಿಗೆ ಪಡೆದು ಜನರನ್ನು ಕರೆದೊಯ್ಯುವಂತೆಯೂ ಇಲ್ಲ.

ಓಡದ ಕಾರಾದರೆ ಹತ್ತಿರದ ಐಟಿಐ ಅಥವಾ ಪಾಲಿಟೆಕ್ನಿಕ್‌ನಲ್ಲಿ ಕೇಳಿ. ಎಂಜಿನ್, ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿ ಕಲಿಯಲು ಮಕ್ಕಳಿಗೆ ನಿಜವಾದ ಗಾಡಿಗಿಂತ ಒಳ್ಳೆಯದು ಬೇರೆ ಇಲ್ಲ. ಅಂಥ ಕಾರಿನ ನೋಂದಣಿಯನ್ನು ಆರ್‌ಟಿಒದಲ್ಲಿ ರದ್ದು ಮಾಡಿಸಿಯೇ ಕೊಡಬೇಕು. ಅಲ್ಲಿಯೂ ಬೇಡವೆಂದರೆ ಬೀದಿಯ ಗುಜರಿಗೆ ಹಾಕದೆ ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಡಿ. ಅಲ್ಲಿ ಕಾರು ಒಪ್ಪಿಸಿದ್ದಕ್ಕೆ ಪುರಾವೆಯಾಗಿ ಸರ್ಟಿಫಿಕೇಟ್ ಆಫ್ ಡೆಪಾಸಿಟ್ ಸಿಗುತ್ತದೆ. ಗುಜರಿಯ ಹಣವನ್ನು ನಿಮ್ಮ ಖಾತೆಗೆ ಹಾಕಿಸಿಕೊಂಡು, ಅಲ್ಲಿಂದ ಸಂಸ್ಥೆಯ ಖಾತೆಗೆ ವರ್ಗಾಯಿಸಿ, ಅವರಿಂದ ತೆರಿಗೆ ವಿನಾಯಿತಿಗೆ ಬೇಕಾದ ದಾನದ ಪ್ರಮಾಣಪತ್ರ ಕೇಳಿ ಪಡೆಯಿರಿ.