ಫಿನ್ನಿಶ್ ಪೈತಾ, ತೆಲುಗು ಪೈಟ: ನಂಟು ನೋಡೋದು ಹೇಗೆ?

ಬಳ್ಳಾರಿಯಲ್ಲಿ ತೆಲುಗು ಕಿವಿಗೆ ಬೀಳದ ದಿನವೇ ಇಲ್ಲ. ನಮ್ಮ ಪಕ್ಕದ ಮನೆ ಅತ್ತೆ ಸೆರಗನ್ನು ಭುಜದ ಮೇಲೆ ಎಳೆದುಕೊಳ್ಳುತ್ತಾ ಅದನ್ನು 'ಪೈಟ' ಅಂತಾರೆ. ಫಿನ್ಲೆಂಡಿನವರು ಅಂಗಿಗೆ 'ಪೈತಾ' ಅಂತಾರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಎರಡೂ ಒಂದೇ! ಹಾಗಂತ ನಂಟು ಕಟ್ಟಬೇಡಿ.

ಮೊದಲು ಎರಡನ್ನೂ ಕನ್ನಡದಲ್ಲಿ ಬರೆಯಿರಿ. ಫಿನ್ನಿಶ್‌ನಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ, ಅದು ನಮ್ಮ 'ತ'. ತೆಲುಗಿನದು ಮಡಚಿದ ನಾಲಿಗೆಯ 'ಟ'. ಇಂಗ್ಲಿಷ್ ಅಕ್ಷರ ಮುಚ್ಚಿಟ್ಟಿದ್ದನ್ನು ನಮ್ಮ ಲಿಪಿ ಒಂದೇ ಏಟಿಗೆ ತೋರಿಸುತ್ತದೆ, ಎಷ್ಟು ಚೆಂದ ಅಲ್ವಾ?

ಆಮೇಲೆ ಆ ಪದದ ಅಕ್ಕಪಕ್ಕದ ಭಾಷೆಗಳನ್ನು ನೋಡಿ, ಇದೇ ಮುಖ್ಯ. 4ನೇ ಶತಮಾನದ ಗೋಥಿಕ್ ಬೈಬಲ್ ಅನುವಾದದಲ್ಲಿ ಒಳ ಅಂಗಿಗೆ 'ಪೈದಾ' ಅಂತಿದೆ. ಅದು ಜರ್ಮನ್, ಇಂಗ್ಲಿಷ್ ಬಳಗದ ಹಳೇ ಭಾಷೆ. ಫಿನ್ನಿಶ್ ಆ ಬಳಗದ್ದಲ್ಲ, ಆದರೆ ಈ ಪದವನ್ನು ಅಲ್ಲಿಂದಲೇ ಸಾಲ ತಂದಿದೆ. ಉಚ್ಚಾರ, ಅರ್ಥ, ನೆರೆಹೊರೆ ಮೂರೂ ಹೊಂದುತ್ತವೆ.

ತೆಲುಗಿನದು ದ್ರಾವಿಡ ಮನೆ. ಅಲ್ಲಿ 'ಪೈ' ಅಂದರೆ ಮೇಲೆ, ಪೈಟ ಬರುವುದೂ ಭುಜದ ಮೇಲೆಯೇ.

ಕೊನೆಗೆ ಜೋಡುಪದ ನೋಡಿ. ಫಿನ್ನಿಶ್‌ನಲ್ಲಿ 'ವಿಲ್ಲಾ' ಅಂದರೆ ಉಣ್ಣೆ, 'ವಿಲ್ಲಾಪೈತಾ' ಅಂದರೆ ಸ್ವೆಟರ್. ತೆಲುಗು ಪೈಟ ಮಾತ್ರ ಸೆರಗನ್ನು ಬಿಟ್ಟು ಕದಲುವುದಿಲ್ಲ. ನಮ್ಮ ತಲೆ ಮೇಲಿನ ಪೇಟವನ್ನೂ ಸುಮ್ನೆ ಇದಕ್ಕೆ ಸೇರಿಸಬೇಡಿ.